ನಿರಂತರ ಗ್ಲೂಕೋಸ್ ಮಾಪನವೂ ಔಷಧಜ್ಞರ ಕರ್ತವ್ಯವೂ

ಚರ್ಮದ ಅಡಿಯಲ್ಲಿ ನೆಲೆಗೊಳಿಸಿದ, ಕೂದಲೆಳೆಯಷ್ಟು ತೆಳುವಾದ ಒಂದು ಸೆನ್ಸರಿನ ಮೂಲಕ ಶರೀರದಲ್ಲಿನ ಗ್ಲೂಕೋಸಿನ ಪ್ರಮಾಣವನ್ನು ಹಗಲಿರುಳೆನ್ನದೆ ಕೆಲವು ನಿಮಿಷಗಳಿಗೊಮ್ಮೆ ಅಳೆದು ದಾಖಲಿಸುವ ವಿಧಾನಕ್ಕೆ ನಿರಂತರ ಗ್ಲೂಕೋಸ್ ಮಾಪನವೆಂದು ಹೆಸರು; ಆಸ್ಪತ್ರೆಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ಅದನ್ನು ಸಿಜಿಎಂ ಎಂದೇ ಕರೆಯುವುದು ವಾಡಿಕೆ. ವೈದ್ಯರು ಬರೆದುಕೊಟ್ಟ ಮದ್ದನ್ನು ಎಣಿಸಿ ಕೊಡುವುದಷ್ಟೇ ಇವರ ಕೆಲಸವೆಂದು ಬಹುಕಾಲ ಭಾವಿಸಲ್ಪಟ್ಟಿದ್ದ ಔಷಧಜ್ಞರು, ಎಂದರೆ ಜನರು ಫಾರ್ಮಸಿಸ್ಟರೆಂದು ಬಲ್ಲ ವೃತ್ತಿಯವರು, ಈ ಉಪಕರಣವು ಬಳಕೆಗೆ ಬಂದ ತರುವಾಯ ಮಧುಮೇಹ ಚಿಕಿತ್ಸೆಯಲ್ಲಿ ಹಿಂದೆಂದೂ ಇಲ್ಲದಿದ್ದ ಸ್ಥಾನವನ್ನು ಪಡೆದಿದ್ದಾರೆ. ಉಪಕರಣವು ಅಂಕಿಗಳನ್ನು ಹೇರಳವಾಗಿ ಕೊಡುತ್ತದೆ, ಅವುಗಳ ಅರ್ಥವನ್ನು ಮಾತ್ರ ಕೊಡುವುದಿಲ್ಲ. ಅಂಕಿಯು ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ತಿಳಿಯಬೇಕಾದರೆ ರೋಗಿಯು ಯಾವ ಔಷಧವನ್ನು ಎಷ್ಟು ಹೊತ್ತಿಗೆ, ಯಾವ ಕ್ರಮದಲ್ಲಿ, ಇನ್ನಾವ ಔಷಧದೊಡನೆ ಸೇವಿಸುತ್ತಿದ್ದಾನೆಂಬುದನ್ನು ಬಲ್ಲವರು ಬೇಕು. ಅಂಥವರಲ್ಲಿ ರೋಗಿಗೆ ಅತ್ಯಂತ ಸುಲಭವಾಗಿ ದೊರೆಯುವವರು ಔಷಧಜ್ಞರೇ.

ಮಧುಮೇಹವನ್ನು ಅಳತೆಗೆ ಒಳಪಡಿಸಿದ ಇತಿಹಾಸವು ಮೂತ್ರಪರೀಕ್ಷೆಯಿಂದ ಮೊದಲಾಗುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆನೆಡಿಕ್ಟ್ ದ್ರಾವಣದೊಡನೆ ಮೂತ್ರವನ್ನು ಕಾಯಿಸಿ, ನೀಲಿಯು ಹಸಿರಾಗಿ, ಹಳದಿಯಾಗಿ, ಕಡೆಗೆ ಇಟ್ಟಿಗೆಯ ಕೆಂಪಿಗೆ ತಿರುಗುವುದನ್ನು ನೋಡಿ ಸಕ್ಕರೆಯನ್ನು ಅಂದಾಜು ಮಾಡುವುದು ರೂಢಿಯಲ್ಲಿತ್ತು. ಆದರೆ ರಕ್ತದಲ್ಲಿನ ಗ್ಲೂಕೋಸು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದಲ್ಲದೆ ಅದು ಮೂತ್ರದಲ್ಲಿ ಕಾಣಿಸಿಕೊಳ್ಳದ ಕಾರಣ, ರೋಗಿಯ ಪ್ರಾಣಕ್ಕೆ ಹೆಚ್ಚು ಅಪಾಯಕರವಾದ ಇಳಿತವನ್ನು ಆ ಪರೀಕ್ಷೆಯು ಎಂದಿಗೂ ತೋರಿಸಲಾರದಾಗಿತ್ತು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನನ್ನು ಕಂಡುಹಿಡಿದು, ಮರುವರ್ಷದ ಜನವರಿಯಲ್ಲಿ ಅದು ಮೊದಲ ಬಾರಿಗೆ ಮನುಷ್ಯನಿಗೆ ಪ್ರಯೋಗವಾದಂದಿನಿಂದ ಆ ನ್ಯೂನತೆಯು ಇನ್ನಷ್ಟು ಸ್ಪಷ್ಟವಾಯಿತು. ಏಕೆಂದರೆ ಗ್ಲೂಕೋಸನ್ನು ಇಳಿಸಬಲ್ಲ ಔಷಧವು ಕೈಗೆ ಬಂದ ಮೇಲೆ ಅದು ಎಷ್ಟು ಇಳಿಯಿತೆಂದು ಅರಿಯುವುದೂ ಅಷ್ಟೇ ಅಗತ್ಯವಾಯಿತು. 1965ರಲ್ಲಿ ಎಯ್ಮ್ಸ್ ಸಂಸ್ಥೆಯವರು ಹೊರತಂದ ಡೆಕ್ಸ್ಟ್ರೋಸ್ಟಿಕ್ಸ್ ಎಂಬ ಬಣ್ಣ ಬದಲಿಸುವ ಪಟ್ಟಿಯೂ, ಅದನ್ನು ಓದುವ ಮೀಟರೂ ಕ್ರಮೇಣ ಬೆರಳು ಚುಚ್ಚಿ ರಕ್ತವನ್ನು ಪರೀಕ್ಷಿಸುವ ಪದ್ಧತಿಯನ್ನು ಮನೆಮನೆಗೆ ತಂದವು. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯು ತರುವಾಯ ಚಿಕಿತ್ಸೆಯ ಪ್ರಧಾನ ಮಾನದಂಡವಾಯಿತು. 1993ರಲ್ಲಿ ಪ್ರಕಟವಾದ ಡಿಸಿಸಿಟಿ ಎಂಬ ಅಮೆರಿಕದ ಮಹಾಪ್ರಯೋಗವು, ಈ ಸರಾಸರಿಯನ್ನು ತಗ್ಗಿಸಿದರೆ ಒಂದನೆಯ ವಿಧದ ಮಧುಮೇಹಿಗಳ ಕಣ್ಣು, ಮೂತ್ರಪಿಂಡ, ನರಗಳಿಗೆ ಒದಗುವ ಹಾನಿಯು ಗಣನೀಯವಾಗಿ ಕಡಮೆಯಾಗುವುದೆಂದು ನಿಸ್ಸಂದೇಹವಾಗಿ ಸ್ಥಾಪಿಸಿತು. ಅದೇ ಪ್ರಯೋಗದಲ್ಲಿ, ತೀವ್ರ ಚಿಕಿತ್ಸೆಗೆ ಒಳಗಾದವರು ಅಪಾಯಕರವಾದ ಗ್ಲೂಕೋಸಿನ ಕುಸಿತಕ್ಕೆ ಉಳಿದವರಿಗಿಂತ ಬಹಳ ಹೆಚ್ಚಾಗಿ ಗುರಿಯಾದರೆಂಬುದೂ ಗೊತ್ತಾಯಿತು. ಸರಾಸರಿಯನ್ನು ತಗ್ಗಿಸಬೇಕು, ಕುಸಿತವನ್ನೂ ತಪ್ಪಿಸಬೇಕು ಎಂಬ ಈ ಇಕ್ಕಟ್ಟಿಗೆ ಬಿಡಿಬಿಡಿಯಾದ ಬೆರಳಪರೀಕ್ಷೆಗಳು ಉತ್ತರವಾಗಲಾರವು.

ಕಿಣ್ವವನ್ನು ವಿದ್ಯುದಗ್ರದ ಮೇಲೆ ನೆಲೆಗೊಳಿಸಿ ಗ್ಲೂಕೋಸನ್ನು ಅಳೆಯಬಹುದೆಂಬ ಕಲ್ಪನೆಯನ್ನು 1962ರಲ್ಲಿ ಲೇಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬವರು ಮುಂದಿಟ್ಟರು. ಇಂದಿನ ಸೆನ್ಸರುಗಳಲ್ಲಿ ಹೆಚ್ಚಿನವು ಆ ಕಲ್ಪನೆಯ ಸಂತಾನವೇ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸಿದಾಗ ಹೊರಡುವ ಎಲೆಕ್ಟ್ರಾನುಗಳು ಅತಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವನ್ನು ಉಂಟುಮಾಡುತ್ತವೆ. ಪ್ರವಾಹದ ಬಲವು ಗ್ಲೂಕೋಸಿನ ಪ್ರಮಾಣವನ್ನು ಅನುಸರಿಸುತ್ತದೆ. 1999ರಲ್ಲಿ ಮಿನಿಮೆಡ್ ಸಂಸ್ಥೆಯ ಉಪಕರಣವು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಪಡೆದಾಗ ಅದು ವೈದ್ಯರ ಉಪಯೋಗಕ್ಕೆಂದೇ ರೂಪಿತವಾದದ್ದಾಗಿತ್ತು. ರೋಗಿಯು ಅದನ್ನು ಧರಿಸಿದ್ದು ಮರಳಿ ಕೊಟ್ಟ ಮೇಲೆಯೇ ಅಂಕಿಗಳು ತಿಳಿಯುತ್ತಿದ್ದವು. 2014ರಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಅಬಟ್ ಸಂಸ್ಥೆಯ ಫ್ರೀಸ್ಟೈಲ್ ಲಿಬ್ರೆಯೂ, 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡೆಕ್ಸ್‌ಕಾಮ್ ಜಿ6 ಎಂಬುದೂ ಕಾರ್ಖಾನೆಯಲ್ಲಿಯೇ ಹೊಂದಿಸಲ್ಪಟ್ಟು ಬರುವುದರಿಂದ, ಉಪಕರಣವನ್ನು ಸರಿಹೊಂದಿಸಲು ದಿನವೂ ಬೆರಳು ಚುಚ್ಚಿಕೊಳ್ಳಬೇಕಾಗಿದ್ದ ಕಷ್ಟವು ತಪ್ಪಿತು. ಸೆನ್ಸರು ಹತ್ತು ದಿನದಿಂದ ಹದಿನೈದು ದಿನದವರೆಗೆ ಕೆಲಸ ಮಾಡುತ್ತದೆ. ಐದು ನಿಮಿಷಕ್ಕೊಂದು ಅಂಕಿಯಾದರೆ ದಿನಕ್ಕೆ 288 ಅಂಕಿಗಳಾಗುತ್ತವೆ.

ಈ ಸೆನ್ಸರು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವೆ ಇರುವ ದ್ರವವನ್ನು. ರಕ್ತದ ಗ್ಲೂಕೋಸು ಆ ದ್ರವವನ್ನು ತಲಪುವುದಕ್ಕೆ ಐದು ಹತ್ತು ನಿಮಿಷಗಳು ಹಿಡಿಯುವುದರಿಂದ, ಊಟದ ಬೆನ್ನಿನಲ್ಲಿಯೂ ವ್ಯಾಯಾಮದ ನಡುವೆಯೂ ಎರಡು ಅಂಕಿಗಳು ಬೇರೆಬೇರೆಯಾಗುವುದು ಸಹಜ. ಬೆರಳಿನ ರಕ್ತವು 92 ಎನ್ನುವಾಗ ಸೆನ್ಸರು 118 ಎಂದರೆ ಉಪಕರಣವು ಕೆಟ್ಟಿತೆಂದು ಅದನ್ನು ಕಿತ್ತೊಗೆಯುವವರುಂಟು. ಅಂಕಿಯ ಪಕ್ಕದಲ್ಲಿರುವ ಬಾಣದ ಗುರುತನ್ನು ನೋಡುವುದನ್ನು ಕಲಿಸಿದರೆ ಈ ಗೊಂದಲವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ: ಬಾಣವು ಕೆಳಮುಖವಾಗಿದ್ದರೆ ರಕ್ತದಲ್ಲಿನ ಪ್ರಮಾಣವು ತೋರುತ್ತಿರುವ ಅಂಕಿಗಿಂತ ಈಗಾಗಲೇ ಕೆಳಗಿಳಿದಿರಬಹುದು. ಮೈ ನಡುಗುತ್ತಿದೆ, ಬೆವರುತ್ತಿದೆ, ಆದರೆ ಸೆನ್ಸರು ಎಲ್ಲವೂ ಸರಿಯೆನ್ನುತ್ತಿದೆ ಎಂಬ ಸಂದರ್ಭದಲ್ಲಿ ಮೈಯ ಮಾತನ್ನೇ ನಂಬಿ ಬೆರಳು ಚುಚ್ಚಿ ನೋಡತಕ್ಕದ್ದು.

ಇಷ್ಟೊಂದು ಅಂಕಿಗಳನ್ನು ಓದುವುದಕ್ಕೆ ಒಂದು ವ್ಯಾಕರಣವು ಬೇಕಾಯಿತು. ಅದನ್ನು ಒದಗಿಸಿದ್ದು 2019ರ ಅಂತಾರಾಷ್ಟ್ರೀಯ ಸಮ್ಮತಿಪತ್ರ. ಅದರ ಪ್ರಕಾರ ಗ್ಲೂಕೋಸು 70ರಿಂದ 180 ಮಿಲಿಗ್ರಾಂಗಳ ನಡುವೆ ಇರುವ ಕಾಲವು ದಿನದ ಶೇಕಡ 70ಕ್ಕಿಂತ ಹೆಚ್ಚಾಗಿರಬೇಕು. 70ಕ್ಕಿಂತ ಕೆಳಗಿನ ಕಾಲವು ಶೇಕಡ 4ನ್ನೂ, 54ಕ್ಕಿಂತ ಕೆಳಗಿನದು ಶೇಕಡ 1ನ್ನೂ ಮುಟ್ಟಬಾರದು. ಶೇಕಡ 1 ಎಂದರೆ ದಿನಕ್ಕೆ ಸುಮಾರು ಕಾಲು ಗಂಟೆ ಎಂದು ವಿವರಿಸಿದೊಡನೆ ರೋಗಿಗೆ ಈ ಲೆಕ್ಕವು ಕೈಗೆಟುಕುತ್ತದೆ. ವೃದ್ಧರಿಗೂ, ಇತರ ರೋಗಗಳಿಂದ ದುರ್ಬಲರಾದವರಿಗೂ ಗುರಿಯು ಬೇರೆ: ನಿಯತ ವ್ಯಾಪ್ತಿಯಲ್ಲಿ ಅರ್ಧ ದಿನ ಕಳೆದರೆ ಸಾಕು, ಆದರೆ ಕುಸಿತವು ಶೇಕಡ 1ನ್ನು ಮೀರಕೂಡದು. ವಯಸ್ಸಾದವರ ವಿಷಯದಲ್ಲಿ ಈ ಔದಾರ್ಯವು ಅತ್ಯಂತ ವಿವೇಕಯುತವಾದುದು. ಎಂಬತ್ತರ ಅಜ್ಜಿಗೆ ಗ್ಲೂಕೋಸು 200 ಆಗುವುದಕ್ಕಿಂತ, ರಾತ್ರಿ ಬಚ್ಚಲಿಗೆ ಹೋಗುವಾಗ 50ಕ್ಕೆ ಇಳಿದು ಬಿದ್ದು ಸೊಂಟದ ಮೂಳೆ ಮುರಿಯುವುದು ಹೆಚ್ಚಿನ ಅನಾಹುತ.

ಹದಿನಾಲ್ಕು ದಿನಗಳ ಅಂಕಿಗಳನ್ನು ಒಂದೇ ದಿನವೋ ಎಂಬಂತೆ ಒಂದರ ಮೇಲೊಂದು ಹರಡಿ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಬರೆದ ನಕ್ಷೆಗೆ ಎಜಿಪಿ ವರದಿಯೆಂದು ಹೆಸರು. ಅಮೆರಿಕದ ರೋಜರ್ ಮಾಝೆ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಇದರ ಮೂಲರೂಪವನ್ನು ರಚಿಸಿದರು. ನಡುವೆ ದಪ್ಪನೆಯ ಗೆರೆಯಾಗಿ ಹರಿಯುವುದು ಮಧ್ಯಾಂಕ. ಅದರ ಎರಡು ಮಗ್ಗುಲಿಗೆ ಗಾಢವರ್ಣದ ಪಟ್ಟಿ, ಅದರಾಚೆಗೆ ತಿಳಿವರ್ಣದ ಪಟ್ಟಿ. ಅನುಭವಿಯಾದ ಔಷಧಜ್ಞರು ಇದನ್ನು ಓದುವ ಕ್ರಮವು ನಿಶ್ಚಿತವಾದುದು: ಮೊದಲು ಅಂಕಿಗಳು ಸಾಕಷ್ಟಿವೆಯೇ, ಎಂದರೆ ಕಾಲದ ಶೇಕಡ 70ರಷ್ಟಾದರೂ ಸೆನ್ಸರು ಕೆಲಸ ಮಾಡಿದೆಯೇ ಎಂದು ನೋಡಬೇಕು, ಆಮೇಲೆ ಕುಸಿತಗಳನ್ನು, ಅದರ ತರುವಾಯವೇ ಏರಿಕೆಗಳನ್ನು, ಕೊನೆಗೆ ಪಟ್ಟಿಯ ಅಗಲವನ್ನು. ಪಟ್ಟಿಯು ಕಿರಿದಾಗಿದ್ದು ಒಟ್ಟಾರೆ ಮೇಲಿದ್ದರೆ ರೋಗಿಯ ದಿನಚರಿ ಕ್ರಮಬದ್ಧವಾಗಿದೆ, ಔಷಧವು ಸಾಲದೆಂದು ಊಹಿಸಬಹುದು. ಪಟ್ಟಿಯು ಬಹಳ ಅಗಲವಾಗಿದ್ದರೆ ಒಂದು ದಿನದಂತೆ ಇನ್ನೊಂದು ದಿನವಿಲ್ಲ. ಅಂಥಲ್ಲಿ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವುದಕ್ಕೆ ಮುಂಚೆ ಮಾತ್ರೆಯನ್ನು ನಿತ್ಯವೂ ತೆಗೆದುಕೊಳ್ಳಲಾಗುತ್ತಿದೆಯೇ, ಊಟದ ಹೊತ್ತು ಸರಿಯಾಗಿದೆಯೇ ಎಂದು ವಿಚಾರಿಸಬೇಕು.

ನಿದರ್ಶನಾರ್ಥವಾಗಿ, ಅರುವತ್ತೆರಡು ವರ್ಷದ ನಿವೃತ್ತ ಉಪಾಧ್ಯಾಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮಿಪಿರೈಡ್ ಮಾತ್ರೆಯನ್ನು ಬೆಳಗ್ಗೆ ರಾತ್ರಿ ಸೇವಿಸುತ್ತಿರುವ ಅವರ ಎಚ್‌ಬಿಎ1ಸಿ 7.0 ಇದೆ, ಅದು ಸರಾಸರಿ 154 ಮಿಲಿಗ್ರಾಮಿಗೆ ಸಮಾನವಾದುದರಿಂದ ವೈದ್ಯರೂ ತೃಪ್ತರು, ರೋಗಿಯೂ ತೃಪ್ತರು. ನಕ್ಷೆಯನ್ನು ಬಿಡಿಸಿ ನೋಡಿದರೆ ಬೆಳಗಿನ ಇಡ್ಲಿ, ಸಕ್ಕರೆ ಹಾಕಿದ ಕಾಫಿಗಳ ತರುವಾಯ ಗೆರೆಯು 260ಕ್ಕೆ ಏರಿ ಮಧ್ಯಾಹ್ನದವರೆಗೂ ಇಳಿಯದು; ರಾತ್ರಿ ಒಂದರಿಂದ ನಾಲ್ಕರವರೆಗೆ ತಿಳಿಪಟ್ಟಿಯ ಕೆಳಅಂಚು 60ನ್ನು ದಾಟಿ ಜಾರುತ್ತದೆ. ಮುಂಜಾನೆ ತಲೆನೋವಿನಿಂದ ಏಳುವುದನ್ನು ಅವರು ವಯಸ್ಸಿನ ಧರ್ಮವೆಂದುಕೊಂಡಿದ್ದರು. ಎರಡು ವಿಪರೀತಗಳು ಕೂಡಿ ಒಂದು ಸುಂದರವಾದ ಸರಾಸರಿಯನ್ನು ಹುಟ್ಟಿಸಿದ್ದವು. ರಾತ್ರಿಯ ಗ್ಲಿಮಿಪಿರೈಡನ್ನು ನಿಲ್ಲಿಸಬಹುದೇ, ಅದರ ಬದಲು ಕುಸಿತವನ್ನುಂಟುಮಾಡದ ವರ್ಗದ ಔಷಧವೊಂದನ್ನು ಕೊಡಬಹುದೇ ಎಂದು ವೈದ್ಯರಿಗೆ ಸೂಚಿಸುವುದು ಔಷಧವಿಜ್ಞಾನವನ್ನು ಬಲ್ಲವರ ಸಹಜವಾದ ಕಾರ್ಯ. ರಕ್ತಹೀನತೆಯಿಂದಲೂ ಕೆಂಪು ರಕ್ತಕಣಗಳ ಆಯುಸ್ಸಿನ ವ್ಯತ್ಯಾಸದಿಂದಲೂ ಎಚ್‌ಬಿಎ1ಸಿ ತಪ್ಪು ತೋರಿಸುವುದುಂಟೆಂಬುದನ್ನು ಇಲ್ಲಿಯೇ ಹೇಳಬೇಕು. ಕಬ್ಬಿಣದ ಕೊರತೆಯು ವ್ಯಾಪಕವಾಗಿರುವ ಭಾರತದಂತಹ ದೇಶಕ್ಕೆ ಈ ಎಚ್ಚರಿಕೆಯು ವಿಶೇಷವಾಗಿ ಅನ್ವಯಿಸುತ್ತದೆ.

ಔಷಧಜ್ಞರು ಈ ಮಟ್ಟಿನ ಹೊಣೆಯನ್ನು ಹೊರಬಲ್ಲರೆಂಬ ವಿಚಾರವು ಸೆನ್ಸರಿಗಿಂತ ಹಳೆಯದು. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರಾಂಡ್ ಎಂಬ ಅಮೆರಿಕದ ಪ್ರಾಧ್ಯಾಪಕರಿಬ್ಬರು, ಔಷಧವನ್ನು ಕೊಡುವುದರಲ್ಲಿ ಮುಗಿಯದೆ ಅದರ ಫಲಕ್ಕೂ ಉತ್ತರವಾದಿಯಾಗುವುದೇ ಈ ವೃತ್ತಿಯ ಧರ್ಮವೆಂದು ಪ್ರತಿಪಾದಿಸಿದರು. ಅದನ್ನು ಕಾರ್ಯರೂಪಕ್ಕೆ ತಂದ ಪ್ರಸಿದ್ಧ ದೃಷ್ಟಾಂತವೆಂದರೆ ಉತ್ತರ ಕೆರೊಲೈನ ರಾಜ್ಯದ ಆಶ್‌ವಿಲ್ ನಗರದ್ದು. ತನ್ನ ನೌಕರರ ವೈದ್ಯವೆಚ್ಚವನ್ನು ತಾನೇ ಭರಿಸುತ್ತಿದ್ದ ಆ ನಗರಾಡಳಿತವು 1996ರಲ್ಲಿ ಒಂದು ಏರ್ಪಾಡು ಮಾಡಿತು: ಮಧುಮೇಹವುಳ್ಳ ನೌಕರರು ತರಬೇತಿ ಹೊಂದಿದ ತಮ್ಮ ಬಡಾವಣೆಯ ಔಷಧಜ್ಞರನ್ನು ನಿಯತವಾಗಿ ಕಂಡು ಸಲಹೆ ಪಡೆದರೆ, ಅವರ ಮಧುಮೇಹದ ಔಷಧಗಳಿಗೂ ಪರೀಕ್ಷಾ ಸಾಮಗ್ರಿಗೂ ಅವರು ತೆರಬೇಕಾಗಿದ್ದ ಪಾಲನ್ನು ಮನ್ನಾ ಮಾಡಲಾಗುವುದು; ಔಷಧಜ್ಞರಿಗೆ ಆ ಸಮಯಕ್ಕೆ ಪ್ರತಿಫಲವೂ ಸಲ್ಲುವುದು. 2003ರಲ್ಲಿ ಪ್ರಕಟವಾದ ದೀರ್ಘಕಾಲದ ಫಲಿತಾಂಶಗಳಲ್ಲಿ ಎಚ್‌ಬಿಎ1ಸಿ ಸುಧಾರಿಸಿದ್ದಲ್ಲದೆ, ಔಷಧದ ಖರ್ಚು ಏರಿದರೂ ಒಟ್ಟು ವೈದ್ಯವೆಚ್ಚವು ತಲೆಗೆ ವರ್ಷಕ್ಕೆ 1,200ರಿಂದ 1,872 ಡಾಲರುಗಳಷ್ಟು ಇಳಿದದ್ದು ಕಂಡುಬಂತು. ಇದರಲ್ಲಿ ಭಾಗವಹಿಸಿದವರು ಸ್ವಯಂಪ್ರೇರಿತರಾಗಿ ಬಂದವರು, ಹೋಲಿಕೆಗೆ ಬೇರೊಂದು ಗುಂಪಿರಲಿಲ್ಲ ಎಂಬ ಮಿತಿಯನ್ನು ಮರೆಯಬಾರದು. ಆದರೂ ಒಂದು ಸಣ್ಣ ನಗರದ ಅಂಗಡಿಗಳಲ್ಲಿ ನಡೆದ ಈ ಪ್ರಯತ್ನವು ಅನೇಕ ನಗರಗಳಿಗೆ ಮೇಲ್ಪಂಕ್ತಿಯಾಯಿತೆಂಬುದು ನಿಜ. ಕೆನಡದ ಆಲ್ಬರ್ಟ ಪ್ರಾಂತದಲ್ಲಿ 2007ರಿಂದ ಅರ್ಹರಾದ ಔಷಧಜ್ಞರು ತಾವೇ ಔಷಧವನ್ನು ವಿಧಿಸಬಲ್ಲರು. ಅಲ್ಲಿನ ಔಷಧಜ್ಞರೇ ಇನ್ಸುಲಿನನ್ನು ಆರಂಭಿಸಿ ಪ್ರಮಾಣವನ್ನು ಹೊಂದಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು; 26 ವಾರಗಳಲ್ಲಿ ರೋಗಿಗಳ ಎಚ್‌ಬಿಎ1ಸಿ 9.1ರಿಂದ 7.3ಕ್ಕೆ ಇಳಿದಿತ್ತು. ಬ್ರಿಟನ್ನಿನಲ್ಲಿ 2006ರಿಂದ ಸ್ವತಂತ್ರವಾಗಿ ಔಷಧ ವಿಧಿಸುವ ಅಧಿಕಾರವು ತರಬೇತಿ ಪಡೆದ ಔಷಧಜ್ಞರಿಗುಂಟು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವೈದ್ಯರೊಡನೆ ಮಾಡಿಕೊಂಡ ಲಿಖಿತ ಒಪ್ಪಂದದ ಮೇರೆಗೆ, ಅದರಲ್ಲಿ ನಮೂದಿಸಿದ ಎಲ್ಲೆಯೊಳಗೆ, ಅವರು ಔಷಧದ ಪ್ರಮಾಣವನ್ನು ಬದಲಿಸಬಹುದು.

ಸೆನ್ಸರನ್ನು ಹಚ್ಚುವಲ್ಲಿಯೇ ಔಷಧಜ್ಞರ ಕೆಲಸ ಪ್ರಾರಂಭವಾಗುತ್ತದೆ. ತೋಳಿನ ಹಿಂಭಾಗದಲ್ಲಿ ಗಾಯದ ಕಲೆಯಾಗಲಿ, ಇನ್ಸುಲಿನ್ ಚುಚ್ಚಿ ಗಂಟು ಕಟ್ಟಿದ ಜಾಗವಾಗಲಿ ಅಲ್ಲದ ಮೃದುವಾದ ಸ್ಥಳವನ್ನು ಆರಿಸಿ, ಸ್ಪಿರಿಟ್ಟಿನಿಂದ ಒರೆಸಿ, ಅದು ಪೂರ್ತಿಯಾಗಿ ಆರುವವರೆಗೆ ಕಾದು, ಒತ್ತುವ ಸಾಧನವನ್ನು ಚರ್ಮಕ್ಕೆ ನೇರವಾಗಿ ಹಿಡಿದು ಒಮ್ಮೆಗೇ ಅದುಮಿದರೆ ಸಣ್ಣ ಸದ್ದಿನೊಡನೆ ಸೆನ್ಸರು ಕೂರುತ್ತದೆ; ಸೂಜಿಯು ಹಿಂದಕ್ಕೆ ಬಂದುಬಿಡುತ್ತದೆ, ಒಳಗೆ ಉಳಿಯುವುದು ಮೆತ್ತನೆಯ ತಂತು ಮಾತ್ರ. ಎಣ್ಣೆ ಹಚ್ಚಿ ಸ್ನಾನ ಮಾಡುವ ಪದ್ಧತಿಯುಳ್ಳವರಿಗೆ, ಸೆನ್ಸರು ಹಚ್ಚುವ ದಿನ ಆ ತೋಳಿಗೆ ಎಣ್ಣೆ ಮುಟ್ಟಿಸಬಾರದೆಂದು ಮುಂಚಿತವಾಗಿ ಹೇಳದಿದ್ದರೆ ಅಂಟು ಎರಡೇ ದಿನದಲ್ಲಿ ಬಿಡುವ ಸಂಭವವುಂಟು. ಉಪಕರಣದ ಜಾತಿಗನುಸಾರವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಅದು ಅಣಿಯಾಗುತ್ತದೆ. ಮೊದಲ ದಿನದ ಅಂಕಿಗಳು ಉಳಿದ ದಿನಗಳಷ್ಟು ನಿಖರವಲ್ಲ. ಸೆನ್ಸರಿರುವ ಮಗ್ಗುಲಿಗೆ ಒತ್ತಿ ಮಲಗಿದರೆ ಅಲ್ಲಿನ ದ್ರವಸಂಚಾರವು ಕುಗ್ಗಿ, ಇಲ್ಲದ ಕುಸಿತವೊಂದು ನಡುರಾತ್ರಿಯ ಎಚ್ಚರಿಕೆಯ ಗಂಟೆಯಾಗಿ ಬಾರಿಸುವುದುಂಟು. ನಕ್ಷೆಯಲ್ಲಿ ಥಟ್ಟನೆ ಬಿದ್ದು ಥಟ್ಟನೆ ಎದ್ದ ಗುಂಡಿಯನ್ನು ಕಂಡಾಗ ಔಷಧದ ಪ್ರಮಾಣಕ್ಕೆ ಕೈಹಾಕುವ ಮೊದಲು ಮಲಗುವ ಭಂಗಿಯನ್ನು ಕೇಳುವುದು ಉಚಿತ. ಅಂಟಿನಲ್ಲಿರುವ ರಾಸಾಯನಿಕದಿಂದ ಕೆಲವರ ಚರ್ಮವು ಕೆಂಪಾಗಿ ತುರಿಸುತ್ತದೆ. ಅದಕ್ಕೆ ಜಾಗ ಬದಲಿಸುವುದು, ರಕ್ಷಕ ಪೊರೆಯನ್ನು ಹಚ್ಚುವುದು ಮೊದಲಾದ ಉಪಾಯಗಳನ್ನು ಹೇಳಿಕೊಡುವವರೂ ಇವರೇ.

ಈ ವೃತ್ತಿಯವರ ಅನಿವಾರ್ಯತೆಯು ಬೇರೆಲ್ಲಕ್ಕಿಂತ ಸ್ಫುಟವಾಗಿ ಕಾಣುವುದು ಔಷಧಗಳು ಮಾಪನವನ್ನೇ ಕೆಡಿಸುವ ವಿಷಯದಲ್ಲಿ. ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ. ಅದು ತಾನೇ ವಿದ್ಯುದಗ್ರದ ಮೇಲೆ ಉತ್ಕರ್ಷಣೆ ಹೊಂದಿ ಗ್ಲೂಕೋಸಿಲ್ಲದೆಯೂ ಪ್ರವಾಹವನ್ನು ಹುಟ್ಟಿಸುವುದರಿಂದ, ಲಿಬ್ರೆ ಜಾತಿಯ ಹಲವು ಸೆನ್ಸರುಗಳಲ್ಲಿ ದಿನಕ್ಕೆ 500 ಮಿಲಿಗ್ರಾಂ ಮೀರಿ ಅದನ್ನು ಸೇವಿಸಿದರೆ ಅಂಕಿಯು ಸುಳ್ಳಾಗಿ ಏರಬಹುದು. ಪ್ಯಾರಸಿಟಮಾಲು ಡೆಕ್ಸ್‌ಕಾಮಿನ ಹಳೆಯ ಸೆನ್ಸರುಗಳಲ್ಲಿ ಇದೇ ತೊಂದರೆಯನ್ನು ಕೊಡುತ್ತಿತ್ತು. ಜಿ6 ಬಂದ ಮೇಲೆ ಆರು ಗಂಟೆಗೊಮ್ಮೆ ಒಂದು ಗ್ರಾಂ ವರೆಗಿನ ಸೇವನೆಗೆ ಅಭ್ಯಂತರವಿಲ್ಲ. ಕೆಲವು ರಕ್ತರೋಗಗಳಲ್ಲಿ ಕೊಡುವ ಹೈಡ್ರಾಕ್ಸಿಯೂರಿಯವು ಡೆಕ್ಸ್‌ಕಾಮ್ ಸೆನ್ಸರುಗಳಲ್ಲಿ ಅಂಕಿಯನ್ನು ಮೇಲಕ್ಕೆ ತೋರಿಸುತ್ತದೆ. ಸುಳ್ಳಾಗಿ ಏರಿದ ಅಂಕಿಯನ್ನು ನಂಬಿ ಇನ್ಸುಲಿನನ್ನು ಹೆಚ್ಚಿಸಿಕೊಂಡವನು ನಿಜವಾದ ಕುಸಿತಕ್ಕೆ ತುತ್ತಾಗುತ್ತಾನೆ. ನೆಗಡಿಯೆಂದು ವಿಟಮಿನ್ ಮಾತ್ರೆ, ಮೈಕೈ ನೋವೆಂದು ಪ್ಯಾರಸಿಟಮಾಲು ಕೊಳ್ಳುವವರು ವೈದ್ಯರ ಬಳಿಗೆ ಹೋಗುವುದಿಲ್ಲ. ಅವು ಅವರ ಚೀಟಿಯಲ್ಲಿಯೂ ಕಾಣುವುದಿಲ್ಲ. ಅವು ಮಾರಾಟವಾಗುವುದು ಸೆನ್ಸರು ಮಾರಾಟವಾದ ಅದೇ ಮೇಜಿನ ಮೇಲೆ. ತೋಳಿನ ಮೇಲಿನ ಬಿಲ್ಲೆಯನ್ನೂ ಕೈಯಲ್ಲಿರುವ ಮಾತ್ರೆಯ ಪಟ್ಟಿಯನ್ನೂ ಒಟ್ಟಿಗೆ ಕಾಣುವ ಏಕೈಕ ವ್ಯಕ್ತಿ ಔಷಧಜ್ಞ.

ಕುಸಿತದ ಚಿಕಿತ್ಸೆಯನ್ನು ಬಾಯಿಪಾಠವಾಗುವಂತೆ ಕಲಿಸುವುದು ಇನ್ನೊಂದು ಹೊಣೆ: 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸು ಅಥವಾ ಸಕ್ಕರೆಯನ್ನು ತೆಗೆದುಕೊಂಡು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಸೆನ್ಸರಿನ ಅಂಕಿಯು ಹಿಂದುಳಿಯುವುದರಿಂದ, ಗ್ಲೂಕೋಸು ಆಗಲೇ ಚೇತರಿಸಿಕೊಂಡಿದ್ದರೂ ಪರದೆಯು ಇನ್ನೂ ಕೆಂಪನ್ನೇ ತೋರಿಸುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ತಿಂದವರ ಗೆರೆಯು ಗಂಟೆಯೊಳಗೆ 250ಕ್ಕೆ ಹಾರುತ್ತದೆ. ಇದಕ್ಕೆ ವ್ಯತಿರಿಕ್ತವಾದ ತಪ್ಪೂ ಒಂದುಂಟು. ಊಟದ ಮೇಲಣ ಏರಿಕೆಯನ್ನು ನೋಡಿ ಸಹಿಸಲಾರದೆ, ಮೊದಲು ಚುಚ್ಚಿಕೊಂಡ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಮತ್ತೊಂದು ಪ್ರಮಾಣವನ್ನು ಚುಚ್ಚಿಕೊಳ್ಳುವವರಿಗೆ, ಎರಡು ಪ್ರಮಾಣಗಳೂ ಕೂಡಿ ಮೂರು ಗಂಟೆಗಳ ತರುವಾಯ ಅಪಾಯ ತರುತ್ತವೆ. ಹಿಂದೆ ಕಾಣದೆ ಇದ್ದುದು ಈಗ ಕಾಣುತ್ತಿರುವುದರಿಂದ ಹುಟ್ಟುವ ಈ ಚಡಪಡಿಕೆಯನ್ನು ಶಮನಗೊಳಿಸುವುದು ಔಷಧ ಕೊಡುವಷ್ಟೇ ಮುಖ್ಯವಾದ ಸೇವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಔಷಧಗಳನ್ನು ಸೇವಿಸುವವರಲ್ಲಿ ಗ್ಲೂಕೋಸು ಹೆಚ್ಚೇನೂ ಏರದೆಯೇ ರಕ್ತವು ಕೀಟೋನುಗಳಿಂದ ಆಮ್ಲೀಯವಾಗುವ ವಿಷಮಸ್ಥಿತಿಯು ವಿರಳವಾಗಿ ಒದಗುತ್ತದೆ. ಸೆನ್ಸರು ಗ್ಲೂಕೋಸನ್ನಷ್ಟೇ ಬಲ್ಲದು, ಕೀಟೋನುಗಳನ್ನು ಅರಿಯದು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದಾಗ ಪರದೆಯಲ್ಲಿ 160 ಕಂಡಿತೆಂದು ಸಮಾಧಾನಪಟ್ಟು ಮನೆಯಲ್ಲಿ ಉಳಿಯಬಾರದೆಂದು ಆ ಮಾತ್ರೆಯನ್ನು ಕೊಡುವಾಗಲೇ ಹೇಳಿರಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರ ನಕ್ಷೆಯು ಕಾರಣವಿಲ್ಲದೆ ಅಂಕುಡೊಂಕಾಗಿದ್ದರೆ ಹೊಟ್ಟೆಯನ್ನು ತೋರಿಸಲು ಹೇಳಿ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾದ ಕೊಬ್ಬನ್ನು ಬೆರಳಿನಿಂದ ತಡವಿ ನೋಡಬೇಕು. ಅಲ್ಲಿಂದ ಇನ್ಸುಲಿನ್ ಒಂದು ದಿನ ಹೀರಲ್ಪಡುತ್ತದೆ, ಇನ್ನೊಂದು ದಿನ ಇಲ್ಲ. ಆಸ್ತಮಾ, ಕೀಲುನೋವುಗಳಿಗೆ ಬೆಳಗ್ಗೆ ಪ್ರೆಡ್ನಿಸೊಲೋನ್ ಸೇವಿಸುವವರ ಗ್ಲೂಕೋಸು ಮಧ್ಯಾಹ್ನ ಸಂಜೆಗಳಲ್ಲಿ ಏರಿ ಬೆಳಗಿನ ಜಾವಕ್ಕೆ ಇಳಿಯುತ್ತದೆ. ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ಮಾಡಿಸುವವರಿಗೆ ಇದು ಎಂದೂ ತಿಳಿಯದು. ನಕ್ಷೆಯ ಮೇಲಾದರೋ ಅದು ದಿನದಿನವೂ ಒಂದೇ ಆಕಾರದ ದಿಬ್ಬವಾಗಿ ಎದ್ದು ತೋರುತ್ತದೆ.

ನಿರಂತರ ಮಾಪನವು ಪ್ರಯೋಜನಕಾರಿಯೆಂಬುದಕ್ಕೆ ಪ್ರಮಾಣಗಳು ಗಟ್ಟಿಯಾಗಿವೆ. ಯೂರೋಪಿನ ಇಂಪ್ಯಾಕ್ಟ್ ಎಂಬ ಪ್ರಯೋಗದಲ್ಲಿ (2016), ಮೊದಲೇ ಉತ್ತಮ ನಿಯಂತ್ರಣವಿದ್ದ ಒಂದನೆಯ ವಿಧದ ರೋಗಿಗಳು ಕುಸಿತದಲ್ಲಿ ಕಳೆಯುತ್ತಿದ್ದ ಕಾಲವು ದಿನಕ್ಕೆ 3.38 ಗಂಟೆಯಿಂದ 2.03 ಗಂಟೆಗೆ ಇಳಿಯಿತು. ದಿನಕ್ಕೆ ಒಂದೋ ಎರಡೋ ಬಾರಿ ಇನ್ಸುಲಿನ್ ತೆಗೆದುಕೊಳ್ಳುವ ಎರಡನೆಯ ವಿಧದ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಮೊಬೈಲ್ ಎಂಬ ಪ್ರಯೋಗದಲ್ಲಿ (2021), ಎಂಟು ತಿಂಗಳಿಗೆ ಸೆನ್ಸರಿದ್ದವರ ಎಚ್‌ಬಿಎ1ಸಿ 9.1ರಿಂದ 8.0ಕ್ಕೂ, ಬೆರಳಪರೀಕ್ಷೆಯವರದು 9.0ರಿಂದ 8.4ಕ್ಕೂ ಬಂತು. ಎರಡು ಗುಂಪುಗಳೂ ಸುಧಾರಿಸಿರುವುದನ್ನು ಗಮನಿಸಬೇಕು. ವಿಚಾರಿಸುವವರು ಇದ್ದಾರೆಂಬುದೇ ಚಿಕಿತ್ಸೆಯ ಒಂದು ಭಾಗ. ಸೆನ್ಸರು ಆ ವಿಚಾರಣೆಯನ್ನು ಹರಿತಗೊಳಿಸುತ್ತದೆ.

ಅಮೆರಿಕ ಸರಕಾರದ ಮೆಡಿಕೇರ್ ಎಂಬ ಆರೋಗ್ಯವಿಮಾ ವ್ಯವಸ್ಥೆಯು 2017ರಲ್ಲಿ ಈ ಉಪಕರಣಗಳ ವೆಚ್ಚವನ್ನು ಭರಿಸತೊಡಗಿ, 2023ರ ಏಪ್ರಿಲಿನಲ್ಲಿ ಇನ್ಸುಲಿನ್ ಬಳಸುವ ಎಲ್ಲರಿಗೂ ಅದನ್ನು ವಿಸ್ತರಿಸಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು 2022ರಲ್ಲಿ ಒಂದನೆಯ ವಿಧದ ವಯಸ್ಕ ರೋಗಿಗಳೆಲ್ಲರಿಗೂ ಇದನ್ನು ಒದಗಿಸಬೇಕೆಂದು ಶಿಫಾರಸು ಮಾಡಿತು. ಆದರೆ ನಕ್ಷೆಯನ್ನು ಓದಿ ತಿಳಿಯಹೇಳುವ ಔಷಧಜ್ಞರನ್ನು ಮೆಡಿಕೇರಿನ ಕಾನೂನು ಸ್ವತಂತ್ರ ಸೇವಾದಾತರೆಂದು ಇನ್ನೂ ಅಂಗೀಕರಿಸಿಲ್ಲ. ಉಪಕರಣಕ್ಕೆ ಹಣವುಂಟು, ಓದುವವರ ಸಮಯಕ್ಕೆ ಇಲ್ಲ ಎಂಬ ಈ ಸ್ಥಿತಿಯು ಅನ್ಯಾಯವಾದುದಷ್ಟೇ ಅಲ್ಲ, ಉಪಕರಣಕ್ಕೆ ಸುರಿದ ಹಣವನ್ನೂ ಅರ್ಧ ವ್ಯರ್ಥಗೊಳಿಸುವಂಥದು. 2024ರ ಮಾರ್ಚಿನಲ್ಲಿ ಸ್ಟೆಲೊ ಎಂಬ ಸೆನ್ಸರಿಗೆ, ಇನ್ಸುಲಿನ್ ಬಳಸದ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದೆಂಬ ಅನುಮತಿ ದೊರೆತ ಮೇಲೆ ಔಷಧಜ್ಞರ ಜವಾಬ್ದಾರಿಯು ಇನ್ನೂ ಹೆಚ್ಚಿತು. ಅದು ಕುಸಿತದ ಎಚ್ಚರಿಕೆಯನ್ನು ಕೊಡುವುದಕ್ಕಾಗಿ ನಿರ್ಮಿತವಾದುದಲ್ಲ. ಗ್ಲಿಮಿಪಿರೈಡ್ ಸೇವಿಸುತ್ತ ಆಗಾಗ ಕುಸಿತಕ್ಕೆ ಒಳಗಾಗುವವನು ಅದನ್ನು ಕೇಳಿಕೊಂಡು ಬಂದರೆ ತಡೆದು ಹೇಳುವವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಇಂಡಿಯಾಬ್ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದಂತೆ 10.1 ಕೋಟಿ ಜನರಿಗೆ ಮಧುಮೇಹವುಂಟು, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. 2015ರಲ್ಲಿ ವೈದ್ಯರ ಉಪಯೋಗದ ಲಿಬ್ರೆ ಪ್ರೋ ಇಲ್ಲಿ ಬಳಕೆಗೆ ಬಂದು, ಕೆಲವು ವರ್ಷಗಳ ಮೇಲೆ ರೋಗಿಗಳೇ ಓದಬಲ್ಲ ಉಪಕರಣವೂ ಬಂದಿತು. ಎರಡು ವಾರದ ಸೆನ್ಸರಿಗೆ ಕೆಲವು ಸಾವಿರ ರೂಪಾಯಿಗಳಾಗುವುದರಿಂದಲೂ, ಅದನ್ನು ಬಹುತೇಕ ಕುಟುಂಬಗಳು ಸ್ವಂತ ಕೈಯಿಂದಲೇ ತೆರುವುದರಿಂದಲೂ ವರ್ಷವಿಡೀ ಧರಿಸುವವರು ವಿರಳ. ಔಷಧವನ್ನು ಬದಲಿಸಿದಾಗ, ಕುಸಿತದ ಸಂಶಯವಿದ್ದಾಗ, ಗರ್ಭಾವಸ್ಥೆಯಲ್ಲಿ ಎಂಬಂತೆ ಆಯ್ದ ಸಂದರ್ಭಗಳಲ್ಲಿ ಎರಡು ವಾರ ಧರಿಸುವುದೇ ಇಲ್ಲಿಗೆ ಒಪ್ಪುವ ಕ್ರಮ. ಆ ಎರಡು ವಾರಗಳನ್ನು ಸಾರ್ಥಕಗೊಳಿಸುವುದು ಔಷಧಜ್ಞರ ಕೈಯಲ್ಲಿದೆ. ಒಂದು ದಿನ ರಾಗಿಮುದ್ದೆ ಸೊಪ್ಪಿನ ಸಾರು, ಒಂದು ದಿನ ಅನ್ನ ಸಾರು, ಒಂದು ದಿನ ಊಟವಾದೊಡನೆ ಇಪ್ಪತ್ತು ನಿಮಿಷದ ನಡಿಗೆ, ಹೀಗೆ ಬರೆದಿಟ್ಟುಕೊಂಡು ಗೆರೆಯನ್ನು ಹೋಲಿಸಿ ನೋಡಲು ಹೇಳಿದರೆ, ರೋಗಿಯು ತನ್ನ ಶರೀರದ ಸ್ವಭಾವವನ್ನು ತಾನೇ ಕಂಡುಕೊಳ್ಳುತ್ತಾನೆ. ಮುದ್ದೆಯೆಂದರೆ ಗ್ಲೂಕೋಸು ಏರುವುದೇ ಇಲ್ಲವೆಂಬ ನಂಬಿಕೆಯು ಮುದ್ದೆಯ ಗಾತ್ರವನ್ನು ಮರೆತಾಗ ಸುಳ್ಳಾಗುವುದನ್ನು ಅನೇಕರು ಈ ರೀತಿಯಲ್ಲಿಯೇ ಅರಿತಿದ್ದಾರೆ.

ನಮ್ಮ ದೇಶಕ್ಕೆ ವಿಶಿಷ್ಟವಾದ ಒಂದು ಅಪಾಯವನ್ನು ಇಲ್ಲಿ ಹೇಳದೆ ಬಿಡಲಾಗದು. ಸೀಸೆಯಲ್ಲಿ ಬರುವ ಇನ್ಸುಲಿನ್ ಇಲ್ಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟುಗಳದ್ದು, ಪೆನ್ನಿನಲ್ಲಿ ಬರುವುದು 100 ಯೂನಿಟ್ಟುಗಳದ್ದು. ಪೆನ್ನಿನ ಕಾರ್ಟ್ರಿಜ್ಜಿನಿಂದ 40ರ ಸಿರಿಂಜಿಗೆ ಎಳೆದುಕೊಂಡವನಿಗೆ ಎರಡೂವರೆ ಪಟ್ಟು ಔಷಧ ಸೇರುತ್ತದೆ. ಚುಚ್ಚಿಕೊಂಡ ಕೆಲವು ಗಂಟೆಗಳಲ್ಲಿ ಪ್ರತಿಸಲವೂ ಕಡಿದಾದ ಕುಸಿತವು ಕಂಡರೆ, ಸಿರಿಂಜನ್ನೂ ಸೀಸೆಯನ್ನೂ ತರಿಸಿ ಕಣ್ಣಾರೆ ನೋಡತಕ್ಕದ್ದು.

1948ರ ಫಾರ್ಮಸಿ ಕಾಯಿದೆಯು ಔಷಧ ವಿತರಣೆಯನ್ನು ನೋಂದಾಯಿತ ಔಷಧಜ್ಞರಿಗೆ ಮೀಸಲಿಟ್ಟಿತು. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ರೋಗಿಗೆ ಸಲಹೆ ಕೊಡುವುದನ್ನೂ ಅವರ ಕರ್ತವ್ಯಗಳಲ್ಲಿ ಸೇರಿಸಿತು. ಔಷಧವನ್ನು ವಿಧಿಸುವ ಅಥವಾ ಪ್ರಮಾಣವನ್ನು ಬದಲಿಸುವ ಅಧಿಕಾರವು ಭಾರತದಲ್ಲಿ ಅವರಿಗಿಲ್ಲ. ಶಿಕ್ಷಣವು ಕಾನೂನಿಗಿಂತ ಮುಂದೆ ಸಾಗಿದೆ: ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲಿಯೇ, ಆಸ್ಪತ್ರೆಯ ವಾರ್ಡುಗಳಲ್ಲಿ ವೈದ್ಯರೊಡನೆ ನಿಂತು ಕೆಲಸಮಾಡುವ ಔಷಧಜ್ಞರನ್ನು ತರಬೇತುಗೊಳಿಸುವ ಸ್ನಾತಕೋತ್ತರ ವ್ಯಾಸಂಗವನ್ನು ಪ್ರಾರಂಭಿಸಿತು, 2008ರಿಂದ ಆರು ವರ್ಷದ ಫಾರ್ಮ್‌ಡಿ ಪದವಿಯು ದೇಶದಲ್ಲಿ ನಡೆಯುತ್ತಿದೆ. ಇಷ್ಟು ಓದಿದವರು ಹಳ್ಳಿಯ, ತಾಲ್ಲೂಕಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಅಲ್ಲಿರುವವರು ಎರಡು ವರ್ಷದ ಡಿಪ್ಲೊಮ ಮುಗಿಸಿದವರು, ಜನಸಂದಣಿಯಲ್ಲಿ ಒಬ್ಬ ರೋಗಿಗೆ ಕಾಲು ಗಂಟೆ ಕೊಡುವುದೂ ಅವರಿಗೆ ದುಸ್ತರ. ಆದರೂ ಇಂದಿನ ಕಾನೂನಿನೊಳಗೆ ಅವರು ಮಾಡಬಹುದಾದದ್ದು ಸ್ವಲ್ಪವಲ್ಲ. ಶಿವರಾತ್ರಿಯ ಅಥವಾ ಏಕಾದಶಿಯ ಉಪವಾಸಕ್ಕೆ, ರಂಜಾನ್ ತಿಂಗಳ ವ್ರತಕ್ಕೆ ಮುಂಚೆ "ಮಾತ್ರೆ ತಗೋಬೇಕೋ ಬಿಡಬೇಕೋ" ಎಂದು ಜನರು ಕೇಳುವುದು ಸಾಮಾನ್ಯವಾಗಿ ಅಂಗಡಿಯಲ್ಲಿಯೇ. ಆಗ ಸೆನ್ಸರಿನ ವರದಿಯನ್ನು ಮುದ್ರಿಸಿ, ಕುಸಿತದ ವೇಳೆಗೆ ಗುರುತು ಹಾಕಿ, ರೋಗಿಯು ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು, ಚೀಟಿಯಿಲ್ಲದೆ ಕೊಂಡವುಗಳನ್ನೂ ಸೇರಿಸಿ, ಅದೇ ಹಾಳೆಯ ಬೆನ್ನಿಗೆ ಬರೆದು, ಉಪವಾಸವು ಆರಂಭವಾಗುವುದಕ್ಕೆ ಮೊದಲೇ ವೈದ್ಯರಿಗೆ ತಲಪಿಸುವಂತೆ ರೋಗಿಯ ಕೈಯಲ್ಲಿ ಕೊಟ್ಟು ಕಳುಹಿಸಬಹುದು.